ಬಾಣ ಚದುರಿ ಬೀಳ್ತಿದೆಯಾ? ಹೊಸ ರೆಸ್ಟ್ ಕೊಳ್ಳುವ ಮುಂಚೆ ಇಷ್ಟು ನೋಡಿ

ಜೂನ್ ಬಂತೆಂದರೆ ನಮ್ಮ ಕಡೆ ಮಳೆಯ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ. "ಬೇಸಿಗೆಯಲ್ಲಿ ಚೆನ್ನಾಗೇ ಬೀಳ್ತಿತ್ತು. ಈಗ ಒಂದು ಬಾಣ ಅತ್ಲಾಗೆ, ಒಂದು ಇತ್ಲಾಗೆ. ಯಾವ ರೆಸ್ಟ್ ತಗೊಳ್ಳಲಿ ಮಾರಾಯ್ರೆ?" ಕೇಳುವವರು ತೀರ್ಥಹಳ್ಳಿಯವರಿರಬಹುದು, ಸಾಗರದವರಿರಬಹುದು, ಶಿವಮೊಗ್ಗ ಪೇಟೆಯವರೇ ಇರಬಹುದು. ಪ್ರಶ್ನೆ ಮಾತ್ರ ಇದೇ. ರೆಸ್ಟ್ ಅಂದರೆ ಬಿಲ್ಲಿನ ಹಿಡಿಯ ಮೇಲೆ ಬಾಣ ಕೂರುವ ಪುಟ್ಟ ಆಸರೆ. ಕಣ್ಣಿಗೆ ಕಾಣುತ್ತದೆ, ಕೈಯಲ್ಲೇ ಕಿತ್ತು ಬದಲಿಸಬಹುದು, ಲಿಂಬ್‌ಗೆ, ಅಂದರೆ ಬಿಲ್ಲಿನ ಬಾಗುವ ತೋಳುಗಳಿಗೆ, ಹೋಲಿಸಿದರೆ ದುಡ್ಡೂ ಕಡಿಮೆ. ಹಾಗಾಗಿ ಎಲ್ಲ ತಪ್ಪೂ ಅದರ ತಲೆಗೇ ಬರುತ್ತದೆ.

ಬಾಣವನ್ನು ಗುರಿಗೆ ಮುಟ್ಟಿಸುವುದು ರೆಸ್ಟ್ ಅಲ್ಲ. ಅದಕ್ಕಿರುವ ಕೆಲಸ ಎರಡೇ. ಪ್ರತಿ ಸಲವೂ ಬಾಣವನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಬೇಕು. ಹೆದೆ ಬಿಟ್ಟ ಮೇಲೆ ಬಾಣದ ದಾರಿಗೆ ಅಡ್ಡ ಬರಬಾರದು. ಈ ಎರಡರಲ್ಲಿ ಒಂದು ಕೆಟ್ಟಿದ್ದರೆ ಅದು ರೆಸ್ಟಿನ ದೋಷ. ಬೇರೆ ಯಾವುದೋ ಕೆಟ್ಟಿರುವಾಗ ರೆಸ್ಟ್ ಬದಲಿಸಿದರೆ ಹಳೇ ದೋಷ ಹಾಗೇ ಉಳಿಯುತ್ತದೆ, ಜೊತೆಗೆ ಸರಿಯಾಗಿದ್ದ ಸೆಟ್ಟಿಂಗೂ ಹೋಗುತ್ತದೆ. ಆದ್ದರಿಂದ ರೆಸ್ಟ್ ಆರಿಸುವ ವಿಷಯ ಇಲ್ಲಿ ಕೊನೆಯ ಹತ್ತಿರ ಬರುತ್ತದೆ. ಅವಸರ ಇದ್ದವರು ನೇರ ಅಲ್ಲಿಗೇ ಹೋಗಬಹುದು, ಆದರೆ ಹೋಗಬೇಡಿ ಅಂತಲೇ ನನ್ನ ಸಲಹೆ.

ಇಲ್ಲಿ ಬರೆದಿರುವ ಎಡ ಬಲ ಎಲ್ಲ ಬಿಲ್ಲನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೆದೆ ಎಳೆಯುವವರಿಗೆ. ಎಡಚರು ಅದನ್ನು ತಿರುಗಿಸಿ ಓದಿಕೊಳ್ಳಿ.

ಮೊದಲು ಬಾಣಗಳಿಗೆ ನಂಬರ್ ಹಾಕಿ

ಮಾರ್ಕರ್ ಪೆನ್ ತಗೊಂಡು ಪ್ರತಿ ಬಾಣದ ಮೇಲೂ 1, 2, 3 ಅಂತ ಬರೆಯಿರಿ. 18 ಮೀಟರಿನಿಂದ ಹೊಡೆಯಿರಿ. ಪ್ರತಿ ಸುತ್ತು ಮುಗಿದ ಮೇಲೆ ಯಾವ ನಂಬರ್ ಎಲ್ಲಿ ಬಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಚುಕ್ಕೆ ಹಾಕಿಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೂ ಆದೀತು. ಕೆಲವೇ ಸುತ್ತಿನಲ್ಲಿ ಚಿತ್ರ ಕಾಣುತ್ತದೆ. ಪ್ರತಿ ಸಲವೂ ನಾಲ್ಕನೇ ನಂಬರೇ ಗುಂಪು ಬಿಟ್ಟು ಹೋಗುತ್ತಿದ್ದರೆ ರೆಸ್ಟೂ ಸರಿ, ನೀವೂ ಸರಿ. ನಾಲ್ಕನೇ ಬಾಣ ಕೆಟ್ಟಿದೆ, ಅಷ್ಟೇ.

ಆ ಬಾಣವನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬನ್ನಿ. ಹೆದೆಗೆ ಸಿಕ್ಕಿಸುವ ಪ್ಲಾಸ್ಟಿಕ್ ನಾಕ್ ಬಿರುಕು ಬಿಟ್ಟಿದೆಯಾ? ಗರಿಯ ಅಂಟು ಎದ್ದಿದೆಯಾ? ತುದಿಯ ಲೋಹದ ಮೊನೆ ತಿರುಗುತ್ತಿದೆಯಾ? ಕಾರ್ಬನ್ ಬಾಣವಾದರೆ ಎರಡೂ ತುದಿ ಹಿಡಿದು, ಮುಖದಿಂದ ದೂರ ಇಟ್ಟುಕೊಂಡು, ಮೆಲ್ಲಗೆ ಬಾಗಿಸಿ. ಸುತ್ತ ತಿರುಗಿಸುತ್ತಾ ಎಲ್ಲ ಕಡೆಗೂ ಬಾಗಿಸಿ. ಚಟಚಟ ಸದ್ದು ಬಂದರೆ ಅದನ್ನು ಮುರಿದು ಎಸೆಯಿರಿ. ಒಳಗೇ ಸೀಳಿದ ಕಾರ್ಬನ್ ಬಾಣ ಬಿಡುವಾಗ ಒಡೆದು ಕೈಗೆ ನಾಟುತ್ತದೆ. ಇದು ಗುರಿಯ ವಿಷಯ ಅಲ್ಲ, ಆಸ್ಪತ್ರೆಯ ವಿಷಯ.

ಮರದ ಅಥವಾ ಬಿದಿರಿನ ಬಾಣ ಬಳಸುವವರಿಗೆ ಮಲೆನಾಡಿನ ಮಳೆಗಾಲ ಬೇರೆಯದೇ ಪರೀಕ್ಷೆ. ತೇವ ಹೀರಿ ಬಾಣ ಬಳುಕುತ್ತದೆ. ಗಾಜಿನ ಮೇಜಿನ ಮೇಲೆ ಉರುಳಿಸಿ ನೋಡಿ. ಸದ್ದು ಮಾಡುತ್ತಾ ಕುಣಿದರೆ ಸೊಟ್ಟ ಆಗಿದೆ.

ನಾಕ್ ಹೆದೆಗೆ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದನ್ನು ಬಹಳ ಜನ ನೋಡುವುದೇ ಇಲ್ಲ. ಬಿಲ್ಲನ್ನು ಅಡ್ಡ ಹಿಡಿದು ಬಾಣವನ್ನು ಹೆದೆಯಿಂದ ನೇತಾಡಲು ಬಿಡಿ. ತಾನಾಗಿ ಬೀಳಬಾರದು. ಹೆದೆಗೆ ಬೆರಳಿನಿಂದ ಮೆಲ್ಲಗೆ ಒಂದು ತಟ್ಟು ಕೊಟ್ಟರೆ ಬೀಳಬೇಕು. ಬೀಳದೇ ಇದ್ದರೆ ಬಿಗಿ ಜಾಸ್ತಿ, ಬಾಣ ಮೇಲೆ ಕೆಳಗೆ ಬೀಳುತ್ತದೆ. ತಾನಾಗಿ ಕಳಚಿದರೆ ಇನ್ನೂ ಅಪಾಯ. ಎಳೆದಾಗ ಬಾಣ ಜಾರಿ ಖಾಲಿ ಹೆದೆ ಬಿಟ್ಟಂತಾಗಿ ಲಿಂಬೇ ಒಡೆಯಬಹುದು.

ಗುಂಪಿನ ಆಕಾರ

ಎಲ್ಲ ಬಾಣಗಳೂ ಸರದಿಯ ಮೇಲೆ ಚದುರುತ್ತಿವೆ ಅಂತಾದರೆ ಬಾಣ ಬಿಟ್ಟು ಬಿಲ್ಲಿನ ಕಡೆ ಬರಬೇಕು. ಆದರೆ ಅದಕ್ಕೂ ಮೊದಲು ಚದುರಿದ ರೀತಿ ನೋಡಿ.

ಗುಂಪು ಬಿಗಿಯಾಗಿದ್ದು ಗುರಿಯ ನಡುವಿನ ಹಳದಿಯಿಂದ ದೂರ ಬೀಳುತ್ತಿದ್ದರೆ ಅದು ದೋಷವೇ ಅಲ್ಲ. ಸೈಟ್ (ಗುರಿ ಹಿಡಿಯಲು ಬಿಲ್ಲಿಗೆ ಕೂರಿಸುವ ಸಾಧನ) ಇದ್ದರೆ ಅದನ್ನು ಬಾಣ ಬಿದ್ದ ಕಡೆಗೇ ಸರಿಸಿ. ಎಡಕ್ಕೆ ಬಿದ್ದರೆ ಎಡಕ್ಕೆ, ಕೆಳಗೆ ಬಿದ್ದರೆ ಕೆಳಕ್ಕೆ. ಹೊಸಬರಲ್ಲಿ ಉಲ್ಟಾ ಸರಿಸುವವರೇ ಹೆಚ್ಚು.

ಮೇಲಿಂದ ಕೆಳಗೆ ಉದ್ದಕ್ಕೆ ಚದುರಿದರೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್ (ಬಾಣ ಸಿಕ್ಕಿಸುವ ಗುರುತು) ಸರಿಯುತ್ತಿರಬಹುದು, ನಾಕ್ ಬಿಗಿ ಹೆಚ್ಚಿರಬಹುದು, ರೆಸ್ಟಿನ ತೋಳು ಜೋತು ಬಿದ್ದಿರಬಹುದು. ಇಲ್ಲವೇ ನೀವು ಒಂದು ಸಲ ಪೂರ್ತಿ ಎಳೆದು ಇನ್ನೊಂದು ಸಲ ಅರ್ಧ ಇಂಚು ಕಮ್ಮಿ ಎಳೆಯುತ್ತಿರಬಹುದು. ಈ ಕೊನೆಯದು ಎಲ್ಲಕ್ಕಿಂತ ಸಾಮಾನ್ಯ. ಸರಿಯಾದಷ್ಟು ಎಳೆದಾಗ ಟಿಕ್ ಅನ್ನುವ ಕ್ಲಿಕ್ಕರ್ ಇಲ್ಲದವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಪೂರ್ತಿ ಎಳೆದಾಗ ಮೊನೆ ಎಲ್ಲಿಗೆ ಬರುತ್ತದೆ ಅಂತ ನೋಡಿಸಿಕೊಳ್ಳಿ. ವೀಡಿಯೋ ಇನ್ನೂ ಒಳ್ಳೆಯದು, ಅದು ಸಂಕೋಚ ಪಟ್ಟುಕೊಳ್ಳುವುದಿಲ್ಲ.

ಅಡ್ಡಕ್ಕೆ ಚದುರಿದರೆ ಪ್ಲಂಜರ್ (ಬಾಣದ ಬದಿಗೆ ಆಸರೆ ಕೊಡುವ ಸ್ಪ್ರಿಂಗ್ ಗುಂಡಿ), ರೆಸ್ಟ್ ಅಥವಾ ಬಿಲ್ಲು ಹಿಡಿದ ಕೈ. ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿದರೆ ಬಿಟ್ಟ ಕ್ಷಣ ಬಿಲ್ಲು ತಿರುಚುತ್ತದೆ. ಬಿಲ್ಲು ಬೀಳದಂತೆ ಬೆರಳಿಗೆ ಫಿಂಗರ್ ಸ್ಲಿಂಗ್ ಅನ್ನುವ ದಾರ ಹಾಕಿ ಕೈ ಸಡಿಲ ಬಿಟ್ಟು ಒಂದು ವಾರ ಹೊಡೆದು ನೋಡಿ.

ಎಲ್ಲ ದಿಕ್ಕಿಗೂ ಚದುರಿದರೆ? 10 ಮೀಟರಿಗೆ ಬನ್ನಿ. ಅಲ್ಲೂ ಹಾಗೇ ಆದರೆ ಬೋಲ್ಟ್‌ಗಳನ್ನೆಲ್ಲ ಒಮ್ಮೆ ಅಲನ್ ಕೀ ಹಾಕಿ ನೋಡಿ. ಎಲ್ಲ ಬಿಗಿಯಾಗಿದ್ದರೆ ತಪ್ಪು ಬಿಡುವ ಬೆರಳಲ್ಲಿದೆ, ದುಡ್ಡು ಕೊಟ್ಟು ಸರಿಮಾಡುವ ಹಾಗಿಲ್ಲ.

ಇಷ್ಟೊಂದು ಸಣ್ಣ ಸಣ್ಣ ವಿಷಯ ಯಾಕೆ ಅಂತ ಅನ್ನಿಸಬಹುದು. ಒಲಿಂಪಿಕ್ಸ್‌ನಲ್ಲಿ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲಿನ ದೂರ 70 ಮೀಟರ್. ಗುರಿಯ ಅಡ್ಡಗಲ 122 ಸೆಂ.ಮೀ., ಹತ್ತು ಅಂಕದ ವೃತ್ತ 12.2 ಸೆಂ.ಮೀ. ಬಾಣ ಹೊರಡುವಾಗ ಒಂದು ಡಿಗ್ರಿ ಓರೆಯಾದರೆ 70 ಮೀಟರಿನಲ್ಲಿ ಅದು 122 ಸೆಂ.ಮೀ. ಆಚೆ ಹೋಗಿ ಬೀಳುತ್ತದೆ. ಅಂದರೆ ಒಂದು ಡಿಗ್ರಿಗೆ ಇಡೀ ಗುರಿಯಷ್ಟು ಅಗಲ. 18 ಮೀಟರಿನಲ್ಲೂ ಸುಮಾರು 31 ಸೆಂ.ಮೀ.

ಎರಡು ಅಳತೆ

ಟಿ ಆಕಾರದ ಬೋ ಸ್ಕ್ವೇರ್ ಒಂದು ಬೇಕು. ಬಿಲ್ಲಿಗೆ ಸಂಬಂಧಪಟ್ಟ ಅತಿ ಅಗ್ಗದ, ಅತಿ ಉಪಯೋಗದ ಸಾಮಾನು ಇದೇ.

ಮೊದಲ ಅಳತೆ ಬ್ರೇಸ್ ಹೈಟ್. ಹೆದೆ ಕಟ್ಟಿದ ಬಿಲ್ಲಿನಲ್ಲಿ ಹಿಡಿಯ ಆಳದ ಜಾಗದಿಂದ ಹೆದೆಯವರೆಗಿನ ದೂರ. 66 ಇಂಚಿನ ಬಿಲ್ಲಿಗೆ ಸುಮಾರು 21.3ರಿಂದ 21.9 ಸೆಂ.ಮೀ., 68 ಇಂಚಿನದಕ್ಕೆ 21.6ರಿಂದ 22.2 ಸೆಂ.ಮೀ. ಇಟ್ಟುಕೊಂಡು ಶುರು ಮಾಡಬಹುದು. ನಿಮ್ಮ ಬಿಲ್ಲಿನ ಕಂಪನಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಇಲ್ಲಿ ಒಂದು ಕಳ್ಳ ದೋಷ ಇದೆ. ಹೊಡೆದು ಮುಗಿದ ಮೇಲೆ ಹೆದೆ ಬಿಚ್ಚಿ ಬ್ಯಾಗಿಗೆ ತುರುಕುತ್ತೇವೆ. ಹಾಗೆ ತುರುಕುವಾಗ ಹೆದೆಯ ಹುರಿ ನಾಲ್ಕೈದು ಸುತ್ತು ಬಿಚ್ಚಿಕೊಂಡಿರುತ್ತದೆ. ಹುರಿ ಬಿಚ್ಚಿದರೆ ಹೆದೆ ಉದ್ದವಾಗುತ್ತದೆ, ಬ್ರೇಸ್ ಹೈಟ್ ಇಳಿಯುತ್ತದೆ, ಬಾಣ ಹೆದೆ ಬಿಡುವ ಜಾಗವೇ ಬದಲಾಗುತ್ತದೆ. ನಿನ್ನೆ ಚೆನ್ನಾಗಿತ್ತು ಇವತ್ತು ಇಲ್ಲ ಅನ್ನುವ ದೂರುಗಳಲ್ಲಿ ಇದು ಆಗಾಗ ಸಿಗುತ್ತದೆ. ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್ ದಾರ) ಹೆದೆಯಾದರೆ ಅದು ಸ್ವಂತವಾಗಿಯೂ ಹಿಗ್ಗುತ್ತದೆ. ಹೆದೆಯ ಎರಡೂ ಕುಣಿಕೆಗಳನ್ನು ಒಂದು ದಾರದಿಂದ ಸೇರಿಸಿ ಕಟ್ಟಿಟ್ಟರೆ ಹುರಿ ಉಳಿಯುತ್ತದೆ. ಪ್ರತಿ ಸಲ ಹೆದೆ ಏರಿಸಿದ ಮೇಲೆ ಅಳೆಯುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ನಾಕಿಂಗ್ ಪಾಯಿಂಟ್, ಹೆದೆಯ ಮೇಲೆ ಬಾಣ ಸಿಕ್ಕಿಸುವ ಗುರುತು. ರೆಸ್ಟಿನ ಮಟ್ಟದಿಂದ ಹೆದೆಗೆ ನೇರ ಗೆರೆ ಎಳೆದರೆ ಎಲ್ಲಿ ಸೇರುತ್ತದೋ ಅದಕ್ಕಿಂತ 6ರಿಂದ 12 ಮಿ.ಮೀ. ಮೇಲೆ ಇಟ್ಟು ಶುರು ಮಾಡಿ. ಹಿತ್ತಾಳೆಯ ಉಂಗುರ ಒತ್ತಿ ಕೂರಿಸುವ ಬದಲು ದಾರ ಸುತ್ತಿ ಗಂಟು ಹಾಕಿದರೆ ಹಗುರ, ಸರಿಪಡಿಸುವುದೂ ಸುಲಭ. ಮೆಡಿಕಲ್ ಶಾಪಿನಲ್ಲಿ ಸಿಗುವ ಹಲ್ಲಿನ ಫ್ಲಾಸ್ ದಾರ ಇದಕ್ಕೆ ಚೆನ್ನಾಗಿ ಒದಗುತ್ತದೆ. ದಾರ ಜಾರುತ್ತಿದೆಯಾ ಅಂತ ನೋಡಲು ಅದರ ಪಕ್ಕದಲ್ಲೇ ಹೆದೆಯ ಮೇಲೆ ಪೆನ್ನಿನ ಗುರುತು ಹಾಕಿಡಿ.

ರೆಸ್ಟ್ ನಿಜಕ್ಕೂ ಅಡ್ಡ ಬರ್ತಿದೆಯಾ?

ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಜನರ ಸಮಸ್ಯೆ ಮುಗಿದಿರುತ್ತದೆ. ಮುಗಿಯದವರು ಬಾಣ ಬಿಲ್ಲನ್ನು ದಾಟುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ನಾವು ಹೆದೆಯನ್ನು ಬೆರಳಿನಿಂದ ಬಿಡುತ್ತೇವೆ. ಬಿಟ್ಟ ಹೆದೆ ನೇರ ಮುಂದಕ್ಕೆ ಹೋಗುವುದಿಲ್ಲ. ಬೆರಳ ತುದಿಯನ್ನು ಬಳಸಿಕೊಂಡು ಮೊದಲು ಸ್ವಲ್ಪ ಎಡಕ್ಕೆ ಜಾರುತ್ತದೆ. ಬಾಣದ ಹಿಂದಿನ ತುದಿಯೂ ಅದರ ಜೊತೆ ಎಡಕ್ಕೆ ಹೋಗುತ್ತದೆ. ಮೊನೆಯ ಕಡೆ ಭಾರ, ಅದು ತಟ್ಟನೆ ಕದಲುವುದಿಲ್ಲ. ಹಾಗಾಗಿ ನಡು ಬಾಗುತ್ತದೆ. ಮೊದಲು ಬಲಕ್ಕೆ, ಅಂದರೆ ಬಿಲ್ಲಿನ ಕಡೆಗೆ ಬಾಗಿ ಪ್ಲಂಜರನ್ನು ಒತ್ತುತ್ತದೆ. ಆಮೇಲೆ ಚಿಮ್ಮಿ ಎಡಕ್ಕೆ ಬಾಗುತ್ತದೆ. ಆ ಹೊತ್ತಿಗೆ ಬಾಣ ರೆಸ್ಟಿನಿಂದ ದೂರ ಸರಿದಿರುತ್ತದೆ. ಹೀಗೆ ಮೀನಿನಂತೆ ಬಳುಕುತ್ತಾ ಹೋಗುವ ಬಾಣದ ಹಿಂಭಾಗ ಬಿಲ್ಲಿಗೆ ತಾಗದೇ ದಾಟುತ್ತದೆ. ಎಲ್ಲ ಹೊಂದಿಕೊಂಡಿದ್ದರೆ ಗರಿ ರೆಸ್ಟನ್ನು ಮುಟ್ಟುವುದೇ ಇಲ್ಲ. ಮುಟ್ಟುತ್ತಿದ್ದರೆ ಅದು ಪತ್ತೆಯಾಗಲೇಬೇಕು.

ಪತ್ತೆ ಮಾಡಲು ಮನೆಯ ಟಾಲ್ಕಂ ಪೌಡರ್ ಸಾಕು. ಗರಿಯ ಅಂಚಿಗೂ ಬಾಣದ ಹಿಂದಿನ ಕಾಲು ಭಾಗಕ್ಕೂ ರೆಸ್ಟಿನ ಸುತ್ತಲೂ ತೆಳ್ಳಗೆ ಹಚ್ಚಿ ಒಂದು ಬಾಣ ಬಿಡಿ. ಎಲ್ಲಿ ಪೌಡರ್ ಉಜ್ಜಿ ಹೋಗಿದೆಯೋ ಅಲ್ಲಿ ತಾಗುತ್ತಿದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಪೌಡರ್ ಗಂಟು ಕಟ್ಟುತ್ತದೆ. ಆಗ ಗರಿಯ ಅಂಚಿಗೆ ಲಿಪ್‌ಸ್ಟಿಕ್ ಸವರಿ. ಬಿಲ್ಲಿನ ಮೇಲೆ ಯಾವ ಜಾಗದಲ್ಲಿ ಕೆಂಪು ಹತ್ತಿದೆ ಅಂತ ನೋಡಿ. ಮನೆಯವರನ್ನು ಕೇಳಿ ತಗೊಳ್ಳಿ, ಇಲ್ಲದಿದ್ದರೆ ಇನ್ನೊಂದು ದೋಷ ನಿವಾರಣೆ ಶುರುವಾಗುತ್ತದೆ.

ತಾಗುತ್ತಿದೆ ಅಂತ ಗೊತ್ತಾದ ಮೇಲೂ ರೆಸ್ಟ್ ಕೀಳಬೇಡಿ. ಮೂರು ಗರಿಗಳಲ್ಲಿ ಬೇರೆ ಬಣ್ಣದ್ದು ಹೊರಗಡೆಗೆ, ಅಂದರೆ ಬಿಲ್ಲಿನಿಂದ ಆಚೆಗೆ ಇದೆಯಾ ನೋಡಿ. ನಾಕ್ ಸ್ವಲ್ಪ ತಿರುಗಿಸಿದರೇ ಎಷ್ಟೋ ಸಲ ದಾರಿ ಸಿಗುತ್ತದೆ. ಆಮೇಲೆ ಬಾಣ ಕೂರುವ ರೆಸ್ಟಿನ ತಂತಿ. ಮೇಲಿನಿಂದ ನೋಡಿದಾಗ ತಂತಿಯ ತುದಿ ಬಾಣದ ಹೊರ ಅಂಚನ್ನು ದಾಟಿ ಇಣುಕಬಾರದು. ಇಣುಕಿದರೆ ಗರಿ ಅದಕ್ಕೆ ಬಡಿಯುತ್ತದೆ. ಬಾಣ ಜಾರದಷ್ಟು ಉಳಿಸಿ, ಹೊಂದಿಸುವ ತಿರುಪು ಇದ್ದರೆ ಒಳಗೆ ತನ್ನಿ, ಇಲ್ಲದಿದ್ದರೆ ತುದಿ ಕತ್ತರಿಸಿ ಉಜ್ಜಿ ನುಣುಪು ಮಾಡಿ.

ಮತ್ತೊಂದು, ಬಾಣದ ನಡುಮಧ್ಯ ಪ್ಲಂಜರಿನ ನಡುಮಧ್ಯಕ್ಕೆ ತಾಗಬೇಕು. ದಪ್ಪ ಅಲ್ಯೂಮಿನಿಯಂ ಬಾಣದಲ್ಲಿ ಕಲಿತು ಆಮೇಲೆ ತೆಳು ಕಾರ್ಬನ್‌ಗೆ ಬಂದವರಲ್ಲಿ ಇದು ಸದಾ ತಪ್ಪಿರುತ್ತದೆ. ತೆಳು ಬಾಣ ಅದೇ ತಂತಿಯ ಮೇಲೆ ಕೂತರೆ ಪ್ಲಂಜರಿನ ಕೆಳ ಅಂಚಿಗೆ ತಾಗುತ್ತದೆ. ಒತ್ತಿದಾಗ ಕೆಳಗೆ ಜಾರುತ್ತದೆ. ಆಗ ರೆಸ್ಟನ್ನು ಸ್ವಲ್ಪ ಮೇಲೆ ಏರಿಸಬೇಕು. ಏರಿಸಿದ ಮೇಲೆ ನಾಕಿಂಗ್ ಪಾಯಿಂಟೂ ಅಷ್ಟೇ ಮೇಲೆ ಹೋಗಬೇಕು. ಈ ಎರಡನೆಯದನ್ನು ಮರೆತು ಹೊಸ ಬಾಣಕ್ಕೆ ಬೈಯುವವರು ಬಹಳ.

ಗರಿ ಇಲ್ಲದ ಬಾಣ ಹೇಳುವ ಸತ್ಯ

ಗರಿ ಬಾಣದ ತಪ್ಪನ್ನು ತಿದ್ದುತ್ತದೆ, ಮುಚ್ಚುತ್ತದೆ ಕೂಡ. ಆದ್ದರಿಂದ ಒಂದೆರಡು ಬಾಣಗಳ ಗರಿ ತೆಗೆದು ಹೊಡೆದು ನೋಡುವ ಪದ್ಧತಿ ಇದೆ. ಬೇರ್ ಶಾಫ್ಟ್ ಪರೀಕ್ಷೆ ಅನ್ನುತ್ತಾರೆ. 18 ಮೀಟರಿನಿಂದ ಗರಿ ಇರುವ ಮೂರ್ನಾಲ್ಕು ಬಾಣ, ಆಮೇಲೆ ಅದೇ ಗುರಿಗೆ ಗರಿ ಇಲ್ಲದ ಬಾಣ. ಮೊದಲು ತಾಗುವಿಕೆ ಸರಿಮಾಡಿಕೊಂಡೇ ಇದನ್ನು ಮಾಡಬೇಕು. ತಾಗುತ್ತಿರುವ ಬಿಲ್ಲಿನಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ಮೇಲೆ ಕೆಳಗಿನದನ್ನು ಮೊದಲು ನೋಡಿ. ಗರಿ ಇಲ್ಲದ್ದು ಗುಂಪಿಗಿಂತ ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ ತೀರಾ ಕೆಳಗಿದೆ, ಮೇಲೆ ಸರಿಸಿ. ಕೆಳಗೆ ಬಿದ್ದರೆ ಅದನ್ನು ಕೆಳಗೆ ಸರಿಸಿ. ಒಂದೊಂದು ಮಿಲಿಮೀಟರ್ ಮಾತ್ರ.

ಆಮೇಲೆ ಎಡ ಬಲ. ಗರಿ ಇಲ್ಲದ್ದು ಎಡಕ್ಕೆ ಬಿದ್ದರೆ ನಿಮ್ಮ ಬಿಲ್ಲಿಗೆ ಬಾಣ ಗಡಸಾಗಿದೆ. ಬಲಕ್ಕೆ ಬಿದ್ದರೆ ಮೆದುವಾಗಿದೆ. ಎಡಕ್ಕೆ ಹೋಗುವುದಾದರೆ ಪ್ಲಂಜರಿನ ಸ್ಪ್ರಿಂಗ್ ಸಡಿಲ ಮಾಡಿ, ಬಲಕ್ಕಾದರೆ ಬಿಗಿ ಮಾಡಿ. ಕಾಲು ಸುತ್ತು ತಿರುಗಿಸಿ, ಹೊಡೆದು ನೋಡಿ, ಮತ್ತೆ ಕಾಲು ಸುತ್ತು. ಸ್ಪ್ರಿಂಗ್ ಕೊನೆ ಮುಟ್ಟಿದರೂ ಸರಿಹೋಗದಿದ್ದರೆ ಬಾಣವೇ ನಿಮಗೆ ಹೊಂದುವುದಿಲ್ಲ. ಯಾವ ರೆಸ್ಟ್ ಹಾಕಿದರೂ ಹೊಂದುವುದಿಲ್ಲ.

ಬಾಣದ ಗಡಸುತನಕ್ಕೆ ಸ್ಪೈನ್ ಅನ್ನುತ್ತಾರೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಬಾಣ ಇಟ್ಟು, ನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಗುಹಾಕುತ್ತಾರೆ. ಅದು ಎಷ್ಟು ಬಾಗಿತು ಅಂತ ಇಂಚಿನ ಸಾವಿರದ ಭಾಗದಲ್ಲಿ ಬರೆಯುತ್ತಾರೆ. ಅರ್ಧ ಇಂಚು ಬಾಗಿದರೆ 500. ಹಾಗಾಗಿ 900 ಅನ್ನುವ ಬಾಣ 500ಕ್ಕಿಂತ ಮೆದು. ದೊಡ್ಡ ನಂಬರ್ ಗಟ್ಟಿ ಬಾಣ ಅಂದುಕೊಂಡು ಆರ್ಡರ್ ಮಾಡಿದವರನ್ನು ಕಂಡಿದ್ದೇನೆ. ಬಾಣ ಉದ್ದವಾದಷ್ಟೂ, ಮೊನೆ ಭಾರವಾದಷ್ಟೂ ಅದು ಇನ್ನೂ ಮೆದುವಾಗಿ ವರ್ತಿಸುತ್ತದೆ. ಆದ್ದರಿಂದ ಗಡಸು ಬಾಣ ಕೈಗೆ ಬಂದಿದ್ದರೆ ಭಾರದ ಮೊನೆ ಹಾಕಿ ಸರಿತೂಗಿಸಬಹುದು. ಮೆದು ಬಾಣವಾದರೆ ಕತ್ತರಿಸಿ ಗಿಡ್ಡ ಮಾಡಬಹುದು, ಆದರೆ ಅಳತೆ ನೋಡಿಕೊಂಡು. ಪೂರ್ತಿ ಎಳೆದಾಗ ಮೊನೆ ರೆಸ್ಟಿನ ಹಿಂದೆ ಬಿದ್ದರೆ ಕೈಗೇ ಅಪಾಯ.

ಬಾಣದ ಮೊನೆ ಎತ್ತ ನೋಡುತ್ತಿದೆ ಅನ್ನುವುದನ್ನೂ ಒಮ್ಮೆ ಪರೀಕ್ಷಿಸಿ. ಬಿಲ್ಲನ್ನು ಕುರ್ಚಿಗೆ ಆನಿಸಿ, ಹಿಂದೆ ನಿಂತು, ಹೆದೆ ಎರಡೂ ಲಿಂಬ್‌ಗಳ ನಡುಮಧ್ಯಕ್ಕೆ ಬರುವ ಹಾಗೆ ಕಣ್ಣು ಹೊಂದಿಸಿ. ಮೊನೆ ಹೆದೆಯ ಗೆರೆಗಿಂತ ಒಂದು ಚೂರು ಎಡಕ್ಕೆ, 1.5ರಿಂದ 3 ಮಿ.ಮೀ. ಕಾಣಬೇಕು. ಪ್ಲಂಜರನ್ನು ಒಳಗೆ ಹೊರಗೆ ತಿರುಗಿಸಿ ಇದನ್ನು ಹೊಂದಿಸುತ್ತಾರೆ. ಇದನ್ನು ಸರಿಮಾಡಿಕೊಂಡು ಆಮೇಲೆ ಸ್ಪ್ರಿಂಗ್ ಮುಟ್ಟಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಯಾವ ರೆಸ್ಟ್?

ಎಲ್ಲ ನೋಡಿ, ರೆಸ್ಟೇ ಸವೆದಿದೆ ಅಥವಾ ನಿಮ್ಮ ಬಿಲ್ಲಿಗೆ ತಕ್ಕದ್ದಲ್ಲ ಅಂತ ಆಯಿತು ಅಂದುಕೊಳ್ಳಿ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆಗೇ ಜನ ಎಡವುತ್ತಾರೆ. ಬಿಲ್ಲನ್ನು ಎಡಗೈಯಲ್ಲಿ ಹಿಡಿಯುವವರಿಗೆ ಬೇಕಾದದ್ದು ಬಲಗೈ ರೆಸ್ಟ್, ಯಾಕೆಂದರೆ ಲೆಕ್ಕ ಹೆದೆ ಎಳೆಯುವ ಕೈಯದ್ದು. ಆನ್‌ಲೈನಿನಲ್ಲಿ ತರಿಸುವಾಗ ಇದನ್ನು ಎರಡು ಸಲ ನೋಡಿ.

ಒಂದೇ ತುಂಡಿನ ಮರದ ಬಿಲ್ಲಿದ್ದು, ಹಿಡಿಯ ಮೇಲಿನ ಕಟ್ಟೆಯ ಮೇಲೇ ಬಾಣ ಇಟ್ಟು ಹೊಡೆಯುವವರು ಅಲ್ಲಿ ಚರ್ಮದ ಅಥವಾ ಒರಟು ಬಟ್ಟೆಯ ತುಂಡು ಅಂಟಿಸುತ್ತಾರೆ. ಸರಳ, ಕೆಡುವಂಥದ್ದೇನೂ ಇಲ್ಲ. ಆದರೆ ಅದಕ್ಕೆ ಹಕ್ಕಿಯ ಗರಿಯೇ ಬೇಕು. ಗರಿ ತಾಗಿದರೂ ಮಡಚಿಕೊಂಡು ದಾಟುತ್ತದೆ. ಪ್ಲಾಸ್ಟಿಕ್ ವೇನ್ (ಪ್ಲಾಸ್ಟಿಕ್ಕಿನ ಗರಿ) ಆದರೆ ಬಡಿದು ಪುಟಿಯುತ್ತದೆ. ಮಲೆನಾಡಿನಲ್ಲಿ ಇದರ ತೊಡಕು ಗೊತ್ತಲ್ವಾ, ಮಳೆಯಲ್ಲಿ ಹಕ್ಕಿಗರಿ ನೆನೆದು ಮಲಗಿಬಿಡುತ್ತದೆ. ಮಳೆ ನೀರನ್ನು ಲೆಕ್ಕಿಸದ ಪ್ಲಾಸ್ಟಿಕ್ ವೇನ್ ಬೇಕೆಂದರೆ ಬಾಣವನ್ನು ಎತ್ತರಿಸುವ ರೆಸ್ಟ್ ಬೇಕೇ ಬೇಕು. ಬೇಸಿಗೆಗೆ ಒಂದು, ಜೂನ್‌ನಿಂದ ಸೆಪ್ಟೆಂಬರ್‌ಗೆ ಇನ್ನೊಂದು ಸೆಟ್ಟಿಂಗ್ ಇಟ್ಟುಕೊಳ್ಳುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಸುಮ್ನೆ ತಲೆನೋವು. ವರ್ಷವಿಡೀ ಎತ್ತರದ ರೆಸ್ಟ್ ಇರಲಿ.

ಹೊಸಬರಿಗೆ ಅಂಟಿಸುವ ಪ್ಲಾಸ್ಟಿಕ್ ರೆಸ್ಟ್ ಸಾಕು. ಅಗ್ಗ, ಹೊಂದಿಸುವುದೇನೂ ಇಲ್ಲ, ಮುರಿದರೆ ಇನ್ನೊಂದು. ಮೊದಲ ವರ್ಷ ನಿಮ್ಮ ಬಿಡುವ ಕೈಯಲ್ಲಿರುವ ತಪ್ಪು ಎಷ್ಟು ದೊಡ್ಡದೆಂದರೆ, ದುಬಾರಿ ರೆಸ್ಟ್ ಕೊಡುವ ಲಾಭ ಅದರೊಳಗೆ ಕಾಣುವುದೇ ಇಲ್ಲ.

ಗುಂಪು ಬಿಗಿಯಾಗುತ್ತಾ ಬಂದಾಗ ಮ್ಯಾಗ್ನೆಟ್ ಇರುವ ಮಡಚುವ ರೆಸ್ಟಿಗೆ ಹೋಗಿ. ತೆಳು ತಂತಿಯ ತೋಳು, ಗರಿ ತಾಗಿದರೆ ಒಳಗೆ ಮಡಚಿಕೊಂಡು ಮತ್ತೆ ಮ್ಯಾಗ್ನೆಟ್ಟಿನಿಂದ ಹೊರಗೆ ಬರುತ್ತದೆ. ಶಿಬುಯಾ ಅಲ್ಟಿಮಾ ಇಂಥದ್ದು. ಇದರ ಜೊತೆಗೆ ಪ್ಲಂಜರ್ ಬೇಕು. ಅದಕ್ಕೆ ನಿಮ್ಮ ರೈಸರಿನಲ್ಲಿ (ಹಿಡಿ ಇರುವ ಬಿಲ್ಲಿನ ನಡುಭಾಗ) ತಿರುಪಿನ ಗೆರೆ ಇರುವ ತೂತು ಇದೆಯಾ ಅಂತ ಮೊದಲು ನೋಡಿ. ಲೋಹದ ರೈಸರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಮರದ ರೈಸರಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದ ಕಡೆ ನೀವೇ ಡ್ರಿಲ್ ಹಾಕಲು ಹೋಗಬೇಡಿ, ರೈಸರ್ ಸೀಳುತ್ತದೆ.

ಸೈಟ್ ಇಲ್ಲದ ಬೇರ್‌ಬೋ ಹೊಡೆಯುವವರ ಲೆಕ್ಕ ಬೇರೆ. ಅವರು ದೂರಕ್ಕೆ ತಕ್ಕಂತೆ ಬೆರಳನ್ನು ಹೆದೆಯ ಮೇಲೆ ಕೆಳಕ್ಕೆ ಸರಿಸಿ ಎಳೆಯುತ್ತಾರೆ. ಆಗ ಬಾಣ ರೆಸ್ಟನ್ನು ಕೆಳಗೆ ಜೋರಾಗಿ ಒತ್ತುತ್ತದೆ. ತೆಳು ತಂತಿ ಅದಕ್ಕೆ ಬಾಗಿಬಿಡುತ್ತದೆ. ಸ್ಪಿಗರೆಲ್ಲಿ ಝಡ್‌ಟಿ ತರಹದ ಗಟ್ಟಿ ತೋಳಿನದು ಅವರಿಗೆ ಸರಿ.

ನಮ್ಮ ಮಳೆಗೆ

ಆಗುಂಬೆಯ ಮಳೆಯನ್ನು ಯಾರಿಗೂ ವಿವರಿಸಬೇಕಿಲ್ಲ. ಶಿವಮೊಗ್ಗದಲ್ಲಿ ಅಷ್ಟು ಸುರಿಯದಿದ್ದರೂ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ, ಬಿಲ್ಲಿನ ಮೇಲೆ ಅದರ ಪರಿಣಾಮವೂ ಇರುತ್ತದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಮೈಮೇಲೆ ಏನಿದೆ ನೋಡಿ. ಬೇಸಿಗೆಯಲ್ಲಿ ಟೀ ಶರ್ಟ್, ಈಗ ಜರ್ಕಿನ್. ಅದರ ತೋಳು ದೊಗಳೆ, ಎದೆಯ ಹತ್ತಿರ ಉಬ್ಬು. ಹೆದೆ ಅದನ್ನು ಒಂದು ಸಲ ಸವರುತ್ತದೆ, ಇನ್ನೊಂದು ಸಲ ಸವರುವುದಿಲ್ಲ. ಬಾಣ ಒಂದೊಂದು ಸಲ ಒಂದೊಂದು ಕಡೆ. ಆರ್ಮ್ ಗಾರ್ಡನ್ನು ಜರ್ಕಿನ್ ಮೇಲೆ ಕಟ್ಟಿ, ಎದೆಗೆ ಚೆಸ್ಟ್ ಗಾರ್ಡ್ ಹಾಕಿ ಹೊಡೆದು ನೋಡಿ. ಜೂನ್ ತಿಂಗಳ ರೆಸ್ಟ್ ದೋಷಗಳಲ್ಲಿ ಒಂದು ಪಾಲು ಇಲ್ಲೇ ಮುಗಿಯುತ್ತದೆ.

ಹೆದೆಗೆ ಮೇಣ ಹಚ್ಚಿ. ನೀರು ಕುಡಿದ ಹೆದೆ ಭಾರವಾಗುತ್ತದೆ, ಬಾಣದ ವೇಗ ತಗ್ಗಿ ಅದು ಗುರಿಗಿಂತ ಕೆಳಗೆ ಬೀಳುತ್ತದೆ.

ಪ್ಲಂಜರ್ ಒಳಗೆ ತೇವ, ಧೂಳು ಸೇರಿ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಮಳೆಗಾಲದ ಕಾಯಿಲೆ. ಬೆರಳಿನಿಂದ ಒತ್ತಿ ಬಿಡಿ. ನುಣುಪಾಗಿ ಹೋಗಿ ತಕ್ಷಣ ಪೂರ್ತಿ ಹೊರಗೆ ಬರಬೇಕು. ಕರಕರ ಅಂದರೆ ಅಥವಾ ಅರ್ಧಕ್ಕೆ ನಿಂತರೆ ಬಿಚ್ಚಿ ಒರೆಸಬೇಕು. ಬಿಚ್ಚುವ ಮುಂಚೆ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಎಣ್ಣೆ ಬಿಡಬೇಡಿ, ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ. ತುದಿಯಲ್ಲಿ ಬಾಣ ಉಜ್ಜಿ ಗೀರು ಬಿದ್ದಿದ್ದರೆ ತುದಿ ಮಾತ್ರ ಬದಲಿಸಿದರೆ ಸಾಕು.

ಅಭ್ಯಾಸದ ಜಾಗದ ಬಗ್ಗೆಯೂ ಒಂದು ಮಾತು. ಅಡಿಕೆ ತೋಟದ ಅಂಚಿನಲ್ಲಿ ಹುಲ್ಲಿನ ಪಿಂಡಿ ಜೋಡಿಸಿ ಗುರಿ ಮಾಡಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಮಳೆಯಲ್ಲಿ ನೆನೆದು ಕೊಳೆತ ಹುಲ್ಲನ್ನು ಬಾಣ ದಾಟಿಕೊಂಡು ಹೋಗುತ್ತದೆ, ದಾಟುವಾಗ ಗರಿ ಕೀಳುತ್ತದೆ. ಕಿತ್ತ ಗರಿಯ ಬಾಣ ಮತ್ತೆ ಚದುರುತ್ತದೆ. ಹಿಂದೆ ಮಣ್ಣಿನ ದಿಬ್ಬ ಅಥವಾ ಧರೆ ಇರುವ ಜಾಗವನ್ನೇ ಆರಿಸಿ. ತಪ್ಪಿದ ಬಾಣ ನೂರು ಮೀಟರ್ ದಾಟಿ ಹೋಗಬಲ್ಲದು. ತೋಟದಲ್ಲಿ ಕೆಲಸದವರು, ದನಕರು ಇರುತ್ತಾರೆ.

ಇನ್ನು ರೆಸ್ಟನ್ನು ಹಿಡಿದಿಡುವ ಅಂಟು. ರೆಸ್ಟ್ ಮೆಲ್ಲಗೆ ಕೆಳಗೆ ಜಾರುವುದು ಕಣ್ಣಿಗೆ ಕಾಣುವುದಿಲ್ಲ, ಗುರಿಯ ಮೇಲೆ ಮಾತ್ರ ಕಾಣುತ್ತದೆ. ಆದ್ದರಿಂದ ಸರಿಯಾಗಿ ಕೂತಿರುವಾಗಲೇ ರೆಸ್ಟಿನ ಸುತ್ತ ರೈಸರಿನ ಮೇಲೆ ಚೂಪು ಪೆನ್ಸಿಲಿನಿಂದ ಗೆರೆ ಎಳೆದಿಡಿ. ಸರಿದರೆ ತಕ್ಷಣ ತಿಳಿಯುತ್ತದೆ. ಮತ್ತೆ ಅಂಟಿಸುವಾಗ ಹಳೇ ಟೇಪಿನ ಜಿಗುಟನ್ನೆಲ್ಲ ಸ್ಪಿರಿಟ್‌ನಿಂದ ತೆಗೆದು, ರೈಸರನ್ನು ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ತೇವ ಹೋಗಿಸಿ. ಗೆರೆಗೆ ಹೊಂದಿಸಿ ಒತ್ತಿ ಹಿಡಿಯಿರಿ, ಒಂದು ದಿನ ಮುಟ್ಟದೇ ಬಿಡಿ. ಮಾರನೇ ದಿನ ನಾಕಿಂಗ್ ಪಾಯಿಂಟ್ ಮತ್ತೆ ಅಳೆದು, 10 ಮೀಟರಿನಿಂದ ಶುರು ಮಾಡಿ.